ಎದುರು ಕುಳಿತ ಮುಖಗಳು

ಭಾವಚಿತ್ರ ಬರೆಯಲು ಕಲಿಯಬೇಕೆಂದು ಬರುವ ಹುಡುಗಿಯರು ಮೊದಲು ಕೇಳುವುದು ಯಾವ ಕಂಪನಿಯ ಬಣ್ಣ, ಎಷ್ಟನೇ ನಂಬರಿನ ಬ್ರಷ್ ಎಂದು. ನಾನು ಮೊದಲು ಹೇಳುವುದು ಕುರ್ಚಿಯ ಬಗ್ಗೆ. ಬರೆಸಿಕೊಳ್ಳುವವರು ಕೂರುವ ಕುರ್ಚಿಗೆ ಕೈಗಳಿರಬೇಕು, ಮೆತ್ತನೆಯ ದಿಂಬು ಇರಬಾರದು. ಮೆತ್ತಗಿದ್ದರೆ ಇಪ್ಪತ್ತು ನಿಮಿಷದಲ್ಲಿ ಬೆನ್ನು ಕುಸಿಯುತ್ತದೆ. ಬೆನ್ನು ಕುಸಿದರೆ ಕತ್ತು ಮುಂದೆ ಬರುತ್ತದೆ. ಕತ್ತು ಮುಂದೆ ಬಂದ ಮೇಲೆ ನೀವು ಬರೆಯುತ್ತಿರುವುದು ಬೇರೆ ಮನುಷ್ಯನನ್ನು. ಇದನ್ನು ಕೇಳಿದ ಕೆಲವರು ಎರಡನೆಯ ಸಲ ಬರುವುದಿಲ್ಲ. ಬಂದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹ್ಯೂಸ್ಟನ್, ಡಾಲಸ್, ಆಸ್ಟಿನ್ ಈ ಮೂರು ಊರುಗಳ ನಡುವೆ ಓಡಾಡುತ್ತ ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಮುಖಗಳನ್ನು ಬರೆದೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಬಿಳಿ ಬಣ್ಣ ಮೊದಲಿನಂತೆ ಕಾಣಲಿಲ್ಲ. ಹೋದ ವರ್ಷ ಕ್ಯಾನ್ವಾಸ್ ನಿಲ್ಲಿಸುವ ಈಸೆಲ್ ಮಡಿಸಿಟ್ಟೆ. ನಾನು ಚೆನ್ನಾಗಿ ಬರೆಯುತ್ತಿದ್ದೆ. ಹಾಗೆ ಹೇಳಿಕೊಳ್ಳಲು ಸಂಕೋಚವಿಲ್ಲ, ಯಾಕೆಂದರೆ ಅದು ನಾನಾಗಿಯೇ ಕಲಿತ ವಿದ್ಯೆಯಲ್ಲ. ಲುದ್ಮಿಲಾ ಎಂಬ ಜೆಕ್ ಚಿತ್ರಗಾರ್ತಿ ನನಗೆ ಕಲಿಸಿದರು. ಅವರ ಕೆಲಸದ ಕಥೆಯನ್ನು ಹೇಳದೆ ನನ್ನದನ್ನು ಹೇಳಲು ಬರುವುದಿಲ್ಲ.

ಅವರ ಕೈಗೆ ಸಿಗುವ ಮುಂಚೆಯೂ ನನಗೆ ಮುಖಗಳ ಕೆಲಸ ಗೊತ್ತಿತ್ತು. ಗದಗಿನಲ್ಲಿ ನಮ್ಮ ತಂದೆಯ ಫೋಟೋ ಸ್ಟುಡಿಯೋ ಇತ್ತು. ಅಲ್ಲಿ ಟಚಿಂಗ್ ಮಾಡುತ್ತಿದ್ದವಳು ನಾನು. ನೆಗೆಟಿವ್ ಮೇಲೆ ಚೂಪಾದ ಪೆನ್ಸಿಲ್ ಆಡಿಸಿ ಮೊಡವೆ, ಸಿಡುಬಿನ ಕಲೆ, ಕಣ್ಣಿನ ಕೆಳಗಿನ ಕಪ್ಪು ಎಲ್ಲವನ್ನೂ ಮಾಯ ಮಾಡುವುದು. ಹದಿನಾಲ್ಕನೆಯ ವಯಸ್ಸಿನಿಂದ ಮದುವೆಯಾಗುವವರೆಗೆ ಎಷ್ಟು ಜನರ ಮುಖ ತಿದ್ದಿದೆನೋ ನೆನಪಿಲ್ಲ. ತಿದ್ದುವುದೇ ಕೆಲಸ ಎಂದು ಕೈ ಕಲಿತುಬಿಟ್ಟಿತ್ತು. ಆ ಕೈಯೇ ಮುಂದೆ ನನ್ನನ್ನು ಎರಡು ಸಲ ಪೇಚಿಗೆ ಸಿಕ್ಕಿಸಿತು.

ಮೊದಲನೆಯದು ಹೀಗೆ. ನನ್ನ ಯಜಮಾನರು ಬಸವರಾಜ ಅವರಿಗೆ ಹ್ಯೂಸ್ಟನ್ನಿನ ಆಸ್ಪತ್ರೆಗಳ ಕಡೆ ಲ್ಯಾಬ್ ಕೆಲಸ. ತೊಂಬತ್ತರ ದಶಕದ ಕೊನೆಯಲ್ಲಿ ಗ್ರೀನ್ ಕಾರ್ಡ್ ಬಂದ ಮೇಲೆ ನಾನೂ ಕೆಲಸ ಹುಡುಕಿದೆ. ಚಿತ್ರಗಳಿಗೆ ಫ್ರೇಮ್ ಹಾಕುವ ಅಂಗಡಿಯೊಂದರಲ್ಲಿ ಸಿಕ್ಕಿತು. ಒಂದು ಮಧ್ಯಾಹ್ನ ದೊಡ್ಡ ಎಣ್ಣೆಬಣ್ಣದ ಚಿತ್ರಕ್ಕೆ ಫ್ರೇಮ್ ಕೂರಿಸುವಾಗ ಸ್ಕ್ರೂಡ್ರೈವರ್ ಜಾರಿತು. ಚಿತ್ರದಲ್ಲಿದ್ದ ಮುದುಕರ ಕೋಟಿನ ತೋಳಿನ ಮೇಲೆ ಅಕ್ಕಿಕಾಳಿನಷ್ಟು ಬಣ್ಣ ಎದ್ದುಬಂತು. ಮಾಲೀಕ ಊಟಕ್ಕೆ ಹೋಗಿದ್ದ. ಅವನು ಬಂದ ಮೇಲೆ ಹೇಳಬಹುದಿತ್ತು, ಹೇಳಲಿಲ್ಲ. ಅಂಗಡಿಯಲ್ಲಿದ್ದ ಬಣ್ಣದ ಟ್ಯೂಬುಗಳಲ್ಲಿ ಮೂರನ್ನು ತೆಗೆದು ಬೆರೆಸಿ ಆ ಜಾಗವನ್ನು ಮುಚ್ಚಿದೆ. ಮಾಲೀಕನಿಗೆ ಗೊತ್ತಾಗಲಿಲ್ಲ.

ಎರಡು ದಿನ ಬಿಟ್ಟು ಚಿತ್ರ ಬರೆದವರೇ ಬಂದರು. ಅರವತ್ತರ ಹತ್ತಿರದ ಎತ್ತರದ ಹೆಂಗಸು. ಗಂಡಸರ ಅಂಗಿ ತೊಟ್ಟಿದ್ದರು, ನೆರೆತ ಕೂದಲನ್ನು ಗಂಟು ಕಟ್ಟಿ ಅದಕ್ಕೊಂದು ಪೆನ್ಸಿಲ್ ಸಿಕ್ಕಿಸಿದ್ದರು. ಚಿತ್ರವನ್ನು ಕಿಟಕಿಯ ಹತ್ತಿರ ಒಯ್ದು ಓರೆಯಾಗಿ ಹಿಡಿದು ನೋಡಿದರು.

"ಈ ತೋಳನ್ನ ಮುಟ್ಟಿದ್ದು ಯಾರು?"

ನಮ್ಮಿಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೆ. ಅದಕ್ಕೇ ಬಹುಶಃ ಒಬ್ಬರ ಮಾತು ಒಬ್ಬರಿಗೆ ಸಲೀಸಾಗಿ ಅರ್ಥವಾಗುತ್ತಿತ್ತು. ಇಲ್ಲಿ ಅವರ ಮಾತನ್ನೆಲ್ಲ ಕನ್ನಡದಲ್ಲೇ ಕೊಡುತ್ತೇನೆ. ನಾನು ನನ್ನದೇ ತಪ್ಪು ಎಂದೆ.

"ಬಣ್ಣ ಸರಿಯಾಗಿ ಕೂತಿದೆ. ಆದರೆ ಬ್ರಷ್ ಓಡಿದ ದಿಕ್ಕು ತಪ್ಪು. ನಾನು ತೋಳನ್ನ ಮೇಲಿಂದ ಕೆಳಕ್ಕೆ ಬರೆದಿದೀನಿ. ನೀನು ಅಡ್ಡಡ್ಡ ಬಳಿದಿದೀಯ. ಪಕ್ಕದಿಂದ ಬೆಳಕು ಬಿದ್ದರೆ ಅಷ್ಟು ಜಾಗ ಮಾತ್ರ ಹೊಳೆಯುತ್ತೆ. ಒರೆಸು."

ಅವರ ಎದುರಿಗೇ ಬಟ್ಟೆಗೆ ಟರ್ಪೆಂಟೈನ್ ಹಚ್ಚಿ ಒರೆಸಿದೆ. ಅವರು ನನ್ನ ಎದೆಯ ಮೇಲಿನ ಹೆಸರಿನ ಚೀಟಿ ಓದಿದರು. ಜೆಕ್ ಭಾಷೆಯವರಿಗೆ ಇಂಗ್ಲಿಷಿನ ಜೆ ಅಕ್ಷರ ಯಕಾರವಂತೆ. ಗಿರಿಜಾ ಹೋಗಿ ಗಿರಿಯಾ ಆದೆ. ಕೊನೆಯವರೆಗೂ ಹಾಗೆಯೇ ಕರೆದರು.

"ಗಿರಿಯಾ, ನಿನಗೆ ಕಾರು ಓಡಿಸೋಕೆ ಬರುತ್ತಾ?"

ಟೆಕ್ಸಾಸಿನಲ್ಲಿ ಇಪ್ಪತ್ತೈದು ವರ್ಷಕ್ಕೂ ಮೇಲಾಗಿ ಇದ್ದರೂ ಲುದ್ಮಿಲಾ ಮೇಡಂ ಕಾರು ಕಲಿತಿರಲಿಲ್ಲ. ಓಡಿಸುತ್ತಿದ್ದ ಗಂಡ ತೀರಿಕೊಂಡು ವರ್ಷವಾಗಿತ್ತು. ಡಾಲಸ್ಸಿನಲ್ಲಿ ಎರಡು, ಆಸ್ಟಿನ್ನಿನಲ್ಲಿ ಒಂದು ಚಿತ್ರ ಅರ್ಧಕ್ಕೆ ನಿಂತಿದ್ದವು. ಸಂಜೆ ನಾನು ಮಾಲೀಕನಿಗೆ ಸ್ಕ್ರೂಡ್ರೈವರಿನ ವಿಷಯ ಹೇಳಿದೆ. ವಾರದ ಕೊನೆಯಿಂದ ಬರಬೇಡ ಎಂದ. ಮನೆಯಲ್ಲಿ ಯಜಮಾನರಿಗೆ ಡಾಲಸ್ಸಿನ ಹೈವೇಯ ಮಾತು ತೆಗೆದೆ. ನನಗೆ ಲೈಸೆನ್ಸ್ ಸಿಕ್ಕಿ ಆರು ತಿಂಗಳಾಗಿತ್ತಷ್ಟೆ.

"ಹೈವೇ ಅಂದ್ರ ಅಂಜತಿದ್ದಿ," ಎಂದರು ಅವರು.

"ಈಗೂ ಅಂಜಿಕಿ ಐತ್ರಿ. ಆದ್ರ ಆಕಿ ಕೆಲಸ ನೋಡೇನಿ. ಅದನ್ನ ಕಲೀಬೇಕು ನಾನು."

"ಹಂಗಾರ ಹೋಗು. ಬಲಗಡಿ ಲೇನ್ ಬಿಡಬ್ಯಾಡ."

ಹಾಗೆ ಡ್ರೈವರ್ ಆಗಿ ಸೇರಿದೆ. ಕ್ಯಾನ್ವಾಸ್ ಬಿಗಿಯುವುದು, ಬ್ರಷ್ ತೊಳೆಯುವುದು, ಪ್ಯಾಲೆಟ್ ಮೇಲೆ ಬಣ್ಣ ಸಾಲಾಗಿ ಇಡುವುದು ಒಂದೊಂದಾಗಿ ಸೇರಿಕೊಂಡವು. ಮೇಡಂ ಕ್ರಮ ನಾನು ಕಂಡ ಯಾವ ಚಿತ್ರಗಾರರದೂ ಅಲ್ಲ. ಒಬ್ಬೊಬ್ಬರೂ ಎಂಟು ಬಾರಿಯಾದರೂ ಎದುರು ಕೂರಬೇಕು. ಮೊದಲ ದಿನ ಪೆನ್ಸಿಲ್ ಕೂಡ ಮುಟ್ಟುತ್ತಿರಲಿಲ್ಲ. ಸುಮ್ಮನೆ ಮಾತಾಡಿಸುತ್ತಿದ್ದರು, ಕೂತವರು ಮಾತು ನಿಲ್ಲಿಸಿದಾಗ ಬಾಯಿ ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ನೋಡುತ್ತಿದ್ದರು. ಫೋಟೋ ಇಟ್ಟುಕೊಂಡು ಬರೆಯಿರಿ ಎಂದವರಿಗೆ ಬೇರೆಯವರ ವಿಳಾಸ ಕೊಟ್ಟು ಕಳಿಸುತ್ತಿದ್ದರು.

ಹಟ ಯಾಕೆ ಎಂದು ಒಮ್ಮೆ ಡಾಲಸ್ ದಾರಿಯಲ್ಲಿ ಕೇಳಿದೆ. ಪ್ರಾಗ್‌ನಲ್ಲಿ ಓದು ಮುಗಿಸಿದ ಹೊಸತರಲ್ಲಿ ಅವರಿಗೆ ಸಿಕ್ಕ ಕೆಲಸ ಸರ್ಕಾರಿ ಕಚೇರಿಗಳಿಗೆ ನಾಯಕರ ಚಿತ್ರ ಬರೆಯುವುದಂತೆ. ನಾಯಕರು ಎದುರಿಗೆ ಬಂದು ಕೂರುವುದುಂಟೆ? ಮೇಲಿನಿಂದ ಒಂದು ಫೋಟೋ ಬರುತ್ತಿತ್ತು.

"ಒಂದೇ ಫೋಟೋ ನೋಡಿ ಒಂದೇ ಮುಖಾನ ಮೂವತ್ತು ಸಲ ಬರೆದೆ ಗಿರಿಯಾ. ಕೊನೆಗೆ ಆತ ನಮ್ಮ ಊರಿಗೇ ಬಂದ. ರಸ್ತೆ ಬದೀಲಿ ನಿಂತು ನೋಡಿದೆ. ಎದುರಿಗೆ ಹೋದ ಮನುಷ್ಯ ಯಾರು ಅಂತ ನನಗೆ ಗೊತ್ತೇ ಆಗಲಿಲ್ಲ."

ರಷ್ಯದ ಟ್ಯಾಂಕುಗಳು ಪ್ರಾಗ್‌ಗೆ ಬಂದ ವರ್ಷ ಗಂಡನ ಜೊತೆ ದೇಶ ಬಿಟ್ಟರು. ಆಮೇಲೆ ಎದುರು ಕೂರದವರನ್ನು ಬರೆದಿಲ್ಲ ಎಂದರು. ಆ ದಿನ ನಾನು ಮಾತು ಕೇಳುತ್ತ ತಿರುವು ತಪ್ಪಿಸಿದೆ. ವಾಪಸ್ ದಾರಿಗೆ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಅವರು ಬೈಯಲಿಲ್ಲ, ಕಿಟಕಿಯಿಂದ ಮೋಡ ನೋಡುತ್ತ ಕೂತಿದ್ದರು.

ಮೂರನೆಯ ವರ್ಷಕ್ಕೆ ನನಗೆ ಒಂದು ಮುಖ್ಯವಾದ ಕೆಲಸ ಕೊಟ್ಟರು. ಸಣ್ಣ ಹಲಗೆಯ ಮೇಲೆ ಅವರು ಬರೆದ ರೇಖಾಚಿತ್ರವನ್ನು ದೊಡ್ಡ ಕ್ಯಾನ್ವಾಸಿಗೆ ಇಳಿಸುವುದು. ಆಗ ಬರೆಸಿಕೊಳ್ಳುತ್ತಿದ್ದವರು ಡಾಲಸ್ಸಿನ ಮಕ್ಕಳ ವೈದ್ಯೆ. ಬಹಳ ವರ್ಷಗಳ ಹಿಂದೆ ಮುಖದ ನರಕ್ಕೆ ಕಾಯಿಲೆ ತಗುಲಿ ಎಡಗಡೆಯ ತುಟಿ, ರೆಪ್ಪೆ ಎರಡೂ ಕೆಳಗೆ ಜೋಲು ಬಿದ್ದಿದ್ದವು. ಕೆಲಸದಿಂದ ಬಿಡುಗಡೆಯಾಗುತ್ತಿದ್ದ ಅವರ ಚಿತ್ರವನ್ನು ಜೊತೆಯ ವೈದ್ಯರೆಲ್ಲ ಸೇರಿ ಬರೆಸುತ್ತಿದ್ದರು. ಫೋಟೋ ತೆಗೆಸಿಕೊಳ್ಳುವಾಗಲೆಲ್ಲ ಬಲಗೆನ್ನೆ ತಿರುಗಿಸುವ ಅಭ್ಯಾಸ ಅವರಿಗೆ. ಮೇಡಂ ಮೊದಲ ದಿನವೇ ಕೇಳಿದ್ದರು, ಹೇಗೆ ಕೂರುತ್ತೀರಿ ಎಂದು. ಆಕೆ ಸ್ವಲ್ಪ ಹೊತ್ತು ಯೋಚಿಸಿ, "ನೇರವಾಗಿ," ಎಂದಿದ್ದರು.

ಹಲಗೆಯಿಂದ ಕ್ಯಾನ್ವಾಸಿಗೆ ಇಳಿಸುವಾಗ ನನ್ನ ಗದಗಿನ ಕೈ ಕೆಲಸ ಮಾಡಿತು. ಬೇಕೆಂದು ಮಾಡಿದ್ದಲ್ಲ. ತುಟಿಯ ಎಡತುದಿಯನ್ನು ಒಂದೆರಡು ಎಳೆ ಮೇಲಕ್ಕೆ ಎತ್ತಿದ್ದೆ, ರೆಪ್ಪೆಯನ್ನು ಕೂದಲೆಳೆಯಷ್ಟು ತೆರೆದಿದ್ದೆ. ಮೇಡಂ ಅದರ ಮೇಲೆ ಬಣ್ಣ ಹಾಕುತ್ತ ಹೋದರು. ಐದನೆಯ ಸಲ ಕೂತು ಎದ್ದ ವೈದ್ಯೆ ನಮ್ಮ ಕಡೆ ಬಂದು ಚಿತ್ರ ನೋಡಿದರು.

"ಇವಳು ಯಾರು?" ಎಂದು ಕೇಳಿದರು.

ಮೇಡಂ ಬ್ರಷ್ ಕೆಳಗಿಟ್ಟರು.

"ಕಾಯಿಲೆಯಾದ ಮೊದಲ ವರ್ಷ ದಿನಾ ಬೆಳಗ್ಗೆ ಕನ್ನಡಿಯಲ್ಲಿ ಇವಳನ್ನ ಹುಡುಕ್ತಿದ್ದೆ. ಆಮೇಲೆ ಬಿಟ್ಟೆ. ನನ್ನ ಹತ್ತಿರ ಬರುವ ಮಕ್ಕಳು ಯಾರೂ ಇವಳನ್ನ ನೋಡಿಲ್ಲ. ಅವರು ನೋಡಿರೋದು ಈ ಮುಖಾನ." ಸಿಟ್ಟಿನಿಂದ ಹೇಳಲಿಲ್ಲ, ರೋಗಿಯ ತಾಯಿಗೆ ವಿವರಿಸುವ ಹಾಗೆ ಹೇಳಿದರು.

"ನನ್ನ ತಪ್ಪು. ಮುಂದಿನ ವಾರ ಸರಿ ಇರುತ್ತೆ," ಎಂದರು ಮೇಡಂ. ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. ನೀವು ಯಾರನ್ನಾದರೂ ಸಹಾಯಕ್ಕೆ ಇಟ್ಟುಕೊಂಡರೆ ಇದನ್ನು ನೆನಪಿಡಿ. ಬರೆಸಿಕೊಳ್ಳಲು ಕೂತವರ ಎದುರಿಗೆ ಸಹಾಯಕರನ್ನು ಬೈಯಬಾರದು.

ಕಾರಿನಲ್ಲಿ ಕೂತ ಮೇಲೆ ನಾನೇ ಬಾಯಿ ಬಿಟ್ಟೆ. "ನಾನು ತಿದ್ದಿದೆ ಮೇಡಂ. ಗೊತ್ತಾಗದೆ ಆಯಿತು."

"ಗೊತ್ತು. ಎರಡನೇ ದಿನಾನೇ ಕಂಡಿತು ನನಗೆ. ಚೆನ್ನಾಗಿ ಕಾಣುತ್ತೆ ಅಂತ ಸುಮ್ಮನಾದೆ. ನಿನ್ನ ತಪ್ಪಿಗಿಂತ ನನ್ನದು ದೊಡ್ಡದು, ನನಗೆ ಗೊತ್ತಿತ್ತಲ್ಲ."

ಮಾರನೆಯ ವಾರ ತುಟಿ, ರೆಪ್ಪೆ ಕೆರೆದು ತೆಗೆದು ಹೊಸದಾಗಿ ಬರೆದರು. ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಜೋಲುಬಿದ್ದ ಕಡೆಯ ಚರ್ಮದ ಮೇಲೆ ಬೆಳಕು ಹೇಗೆ ಬೇರೆಯಾಗಿ ಹರಿಯುತ್ತದೆ ಎಂದು ತೋರಿಸಿದರು. ಚಿತ್ರ ಒಪ್ಪಿಸಿದ ದಿನ ಒಬ್ಬ ನರ್ಸ್ ಅದರ ಮುಂದೆ ನಿಂತು, "ನೋಡಿ, ಇನ್ನೇನು ಯಾವುದೋ ಮಗುವಿನ ಸುಳ್ಳು ಹೊಟ್ಟೆನೋವು ಕಂಡುಹಿಡೀತಾರೆ," ಎಂದಳು. ವೈದ್ಯೆ ಅರ್ಧ ಬಾಯಿಯಲ್ಲಿ ನಕ್ಕರು. ಚಿತ್ರದಲ್ಲಿದ್ದದ್ದೂ ಅದೇ ಬಾಯಿ. ಆ ದಿನದಿಂದ ಇಂದಿನವರೆಗೆ ನಾನು ಯಾರ ಮುಖವನ್ನೂ ತಿದ್ದಿಲ್ಲ.

ಮುಂದಿನದು ಕಷ್ಟದ ಭಾಗ. ಮೇಡಂ ಬಲಗೈ ಹೆಬ್ಬೆರಳು ಸುಮ್ಮನಿದ್ದಾಗಲೂ ಅಲುಗಾಡುತ್ತಿದ್ದುದನ್ನು ನಾನು ಮೊದಲು ಕಂಡದ್ದು ಕಾರಿನಲ್ಲಿ. ವೈದ್ಯರು ಪಾರ್ಕಿನ್ಸನ್ ಎಂದರು. ಮೇಡಂ ಯಾರಿಗೂ ಹೇಳಬೇಡ ಎಂದರು. ಬರೆಯುವಾಗ ಕೈ ಊರಿಕೊಳ್ಳಲು ಉದ್ದನೆಯ ಕೋಲು ಇಟ್ಟುಕೊಂಡರು. ಒಂದು ವರ್ಷ ಅದರಲ್ಲೇ ನಡೆಯಿತು. ಆಮೇಲೆ ಬಟ್ಟೆಬರೆಯ ಭಾಗ ನನಗೆ ಬಂತು, ನಂತರ ಕೈಗಳು, ನಂತರ ಕೂದಲು. ಆಸ್ಟಿನ್ನಿನ ನ್ಯಾಯಾಧೀಶರ ಚಿತ್ರಕ್ಕೆ ಬರುವ ಹೊತ್ತಿಗೆ ಮುಖವೂ ನನ್ನ ಕೈಯಲ್ಲೇ ಇತ್ತು.

ಆ ನ್ಯಾಯಾಧೀಶರು ನಿವೃತ್ತರಾಗುವವರಿದ್ದರು, ಕೋರ್ಟಿನ ಗೋಡೆಗೆ ಅವರ ಚಿತ್ರ ಬೇಕಿತ್ತು. ಬರೆಸುತ್ತಿದ್ದ ಸಮಿತಿ ಲುದ್ಮಿಲಾ ಅವರ ಹೆಸರು ನೋಡಿ ಬಂದದ್ದು. ಮೇಡಂ ಕುರ್ಚಿ ಎಳೆದುಕೊಂಡು ನ್ಯಾಯಾಧೀಶರ ಜೊತೆ ಮಾತಾಡುವರು, ನಾನು ಈಸೆಲ್ ಹಿಂದೆ ನಿಂತು ಬರೆಯುವೆ. ನಡುನಡುವೆ ಅವರು ಎದ್ದುಬಂದು ಕೈ ಕಟ್ಟಿಕೊಂಡು ನೋಡಿ, "ಹಣೆಯ ಬಣ್ಣ ತಣ್ಣಗಾಯಿತು, ಕೆಂಪು ಸಾಲದು," "ಕುತ್ತಿಗೆಯಲ್ಲಿ ಅವಸರ ಮಾಡಿದೆ," ಎನ್ನುವರು. ಅವರ ಮಾತು ಒಂದು ಸಲವೂ ತಪ್ಪಾಗಲಿಲ್ಲ. ಹಳೆಯ ಕಾಲದ ದೊಡ್ಡ ಚಿತ್ರಶಾಲೆಗಳಲ್ಲಿ ಶಿಷ್ಯರು ಬರೆದು ಗುರುಗಳ ಹೆಸರು ಹಾಕುವುದು ರೂಢಿಯಾಗಿತ್ತು ಎಂದು ನನಗೆ ಹೇಳಿದ್ದರು. ಅವರು ಅದನ್ನು ಮೂರು ಸಲ ಹೇಳಿದಾಗ, ಅವರಿಗೇ ಪೂರ್ತಿ ಒಪ್ಪಿಗೆಯಿಲ್ಲ ಎಂದು ನನಗೆ ತಿಳಿಯಿತು.

ಕೊನೆಯ ದಿನ ಸಹಿ ಹಾಕಬೇಕಿತ್ತು. ಮೇಡಂ ಸಣ್ಣ ಬ್ರಷ್ ತೆಗೆದುಕೊಂಡರು. ಮೊದಲ ಅಕ್ಷರವೇ ಗೆರೆ ಮೀರಿ ಓಡಿತು. ಬಟ್ಟೆಯಿಂದ ಒರೆಸಿ ಮತ್ತೆ ಪ್ರಯತ್ನಿಸಿದರು. ಮತ್ತೆ ಒರೆಸಿದರು. ಆಮೇಲೆ ಬ್ರಷನ್ನು ನನ್ನ ಕಡೆ ಚಾಚಿದರು.

"ನೀನು ಬರಿ. ನನ್ನ ಸಹಿ ನಿನಗೆ ಗೊತ್ತು."

ಗೊತ್ತಿತ್ತು. ಕಣ್ಣು ಮುಚ್ಚಿ ಬರೆಯುವಷ್ಟು ಗೊತ್ತಿತ್ತು. ಬ್ರಷ್ ತೆಗೆದುಕೊಂಡೆ, ಕ್ಯಾನ್ವಾಸಿನ ಮೂಲೆಗೆ ಬಗ್ಗಿದೆ. ಕೈ ಮುಂದೆ ಹೋಗಲಿಲ್ಲ.

"ಮೇಡಂ, ಇದೊಂದು ನನ್ನಿಂದ ಆಗಲ್ಲ."

"ಬರಿ ಅಂದೆ."

"ನಾಳೆ ಯಾರಾದರೂ ಕೇಳಿದರೆ ನೀವೂ ಸುಳ್ಳು ಹೇಳಬೇಕಾಗುತ್ತೆ, ನಾನೂ ಹೇಳಬೇಕಾಗುತ್ತೆ. ಬೇಡ ಮೇಡಂ."

ಮೇಡಂ ಮುಖ ಕೆಂಪಾಯಿತು. ಕುರ್ಚಿಯಲ್ಲಿದ್ದ ನ್ಯಾಯಾಧೀಶರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನಿಧಾನವಾಗಿ ಕೋಟಿನ ಗುಂಡಿ ಬಿಚ್ಚುತ್ತ ಹೇಳಿದರು: "ಯಾವ ಕೆಲಸ ಯಾರು ಮಾಡಿದ್ದು ಅನ್ನೋದನ್ನ ತೀರ್ಮಾನಿಸೋದೇ ನನ್ನ ಉದ್ಯೋಗ. ಎಂಟು ವಾರದಿಂದ ಇಬ್ಬರನ್ನೂ ನೋಡ್ತಾ ಇದೀನಿ. ನನ್ನನ್ನ ಮಾತಾಡಿಸಿದ್ದು ಒಬ್ಬರು, ಬರೆದದ್ದು ಇನ್ನೊಬ್ಬರು. ಸಮಿತಿಗೆ ನೀವೇ ಹೇಳಿ. ನಾನು ಹೇಳೋದು ಚೆನ್ನಾಗಿರಲ್ಲ."

ಆಸ್ಟಿನ್ನಿನಿಂದ ಹ್ಯೂಸ್ಟನ್ನಿಗೆ ಹೊರಟೆವು. ಅರ್ಧ ದಾರಿಯ ಬ್ರೆನ್ಹ್ಯಾಮ್ ಎಂಬ ಊರು ದಾಟುವವರೆಗೂ ಮೇಡಂ ಸಹಿ ಒರೆಸಿದ ಬಟ್ಟೆಯನ್ನು ಮಡಿಸುತ್ತ ಬಿಚ್ಚುತ್ತ ಕೂತಿದ್ದರು. ನಾನು ಬಲಗಡೆಯ ಲೇನಿನಲ್ಲೇ ಓಡಿಸಿದೆ. ನನ್ನನ್ನು ಕೆಲಸದಿಂದ ಬಿಡಿಸುತ್ತಾರೆ ಎಂದುಕೊಂಡಿದ್ದೆ. ಕಷ್ಟದಲ್ಲಿದ್ದವರ ಮಾನ ಎಲ್ಲರೆದುರು ಕಳೆದೆ ಎಂಬ ಸಂಕಟವೂ ಇತ್ತು. ಆದರೆ ಅದೇ ಗಳಿಗೆ ಮತ್ತೆ ಬಂದರೂ ಅದನ್ನೇ ಮಾಡುತ್ತೇನೆ ಎಂಬುದು ಆಗಲೂ ಗೊತ್ತಿತ್ತು.

ಕೊನೆಗೆ ಅವರೇ ಹೇಳಿದರು. "ನಾಳೆ ಫೋನ್ ಮಾಡ್ತೀನಿ. ಕೈ ವಿಷಯಾನೂ ಹೇಳ್ತೀನಿ."

"ಸಿಟ್ಟು ಬಂತಾ ಮೇಡಂ?"

"ಬಂದಿದೆ. ಇನ್ನೂ ಒಂದು ವಾರ ಇರುತ್ತೆ. ನೀನು ಮಾತಾಡಬೇಡ, ಓಡಿಸು."

ಸಮಿತಿ ಸುಲಭಕ್ಕೆ ಒಪ್ಪಲಿಲ್ಲ. ಚಿತ್ರ ನಾಲ್ಕು ತಿಂಗಳು ಯಾವುದೋ ಉಗ್ರಾಣದ ಕೋಣೆಯಲ್ಲಿ ಗೋಡೆಗೆ ಮುಖಮಾಡಿ ನಿಂತಿತ್ತು. ಡಾಲಸ್ಸಿನ ಇಬ್ಬರು ತಮ್ಮ ಚಿತ್ರ ಬೇಡವೆಂದರು. ಮೇಡಂ ಹೆಸರಿನ ಮೇಲೆ ಬರುವ ಕೆಲಸ ನಿಂತೇಹೋಯಿತು. ಆ ನಾಲ್ಕು ತಿಂಗಳು ನಾನು ಊಟ ಸರಿಯಾಗಿ ಮಾಡಲಿಲ್ಲ ಎಂದು ಯಜಮಾನರು ಈಗಲೂ ಹೇಳುತ್ತಾರೆ. ಕೊನೆಗೆ ನ್ಯಾಯಾಧೀಶರ ಹೆಂಡತಿ ಉಗ್ರಾಣಕ್ಕೆ ಹೋಗಿ ಚಿತ್ರ ನೋಡಿ, ಇದು ಗೋಡೆಗೆ ಬರದಿದ್ದರೆ ನನ್ನ ಮನೆಗೆ ಬರಲಿ ಎಂದರಂತೆ. ಅದು ಕೋರ್ಟಿಗೇ ಬಂತು. ಮೂಲೆಯಲ್ಲಿ ನನ್ನ ಹೆಸರು. ಕೆಳಗಿನ ಹಿತ್ತಾಳೆಯ ಪಟ್ಟಿಯಲ್ಲಿ, ಲುದ್ಮಿಲಾ ಅವರ ಮಾರ್ಗದರ್ಶನದಲ್ಲಿ ಎಂದು. ಪಟ್ಟಿಯ ಮಾತು ಮೇಡಂ ಕೇಳಿದ್ದಲ್ಲ, ನಾನು ಕೇಳಿ ಹಾಕಿಸಿದ್ದು. ಅಲ್ಲಿಂದ ಮುಂದೆ ಜನ ನನ್ನನ್ನೇ ಹುಡುಕಿಕೊಂಡು ಬರತೊಡಗಿದರು.

ಆ ಹೊತ್ತಿಗೆ ಡಿಜಿಟಲ್ ಕ್ಯಾಮೆರಾ, ಪ್ರೊಜೆಕ್ಟರ್ ಬಂದಿದ್ದವು. ಹೊಸಬರು ಫೋಟೋವನ್ನು ಕ್ಯಾನ್ವಾಸಿನ ಮೇಲೆ ಬೆಳಕಾಗಿ ಬಿಟ್ಟು ಅದರ ಮೇಲೆ ಗೆರೆ ಎಳೆಯುತ್ತಿದ್ದರು. ನಾನೂ ಒಂದು ಕ್ಯಾಮೆರಾ ಕೊಂಡೆ. ಸೀರೆಯ ಅಂಚು, ಕುರ್ಚಿಯ ಕೆತ್ತನೆ ನೆನಪಿಡಲು ಬಳಸಿದೆ, ಮುಖಕ್ಕೆ ಬಳಸಲಿಲ್ಲ. ಹಾಗೆಂದು ಮೇಡಂ ನಿಯಮವನ್ನು ಇದ್ದಂತೆಯೇ ಉಳಿಸಿಕೊಂಡೆ ಎಂದಲ್ಲ. ಅದನ್ನು ಮುರಿದದ್ದು ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯ ಸುಧಾಳಿಗಾಗಿ.

ಸುಧಾ ಮೈಸೂರಿನವಳು, ಸಾಫ್ಟ್‌ವೇರ್ ಕೆಲಸ. ಅವಳ ತಾಯಿ ಮೈಸೂರಿನಲ್ಲಿ ತೀರಿಕೊಂಡಾಗ ವೀಸಾ ಕಾಗದಗಳು ಎಲ್ಲೋ ಸಿಕ್ಕಿಕೊಂಡು ಹೋಗಲಾಗಲಿಲ್ಲ. ವರ್ಷಾಬ್ದಿಕಕ್ಕೆ ತಾಯಿಯ ದೊಡ್ಡ ಚಿತ್ರ ಬೇಕೆಂದು ಬಂದಳು. ತಂದದ್ದು ಒಂದು ಮದುವೆಯ ಗುಂಪು ಫೋಟೋ. ಮೂರನೆಯ ಸಾಲಿನಲ್ಲಿ ತಾಯಿ, ಮುಖ ಕಡಲೆಕಾಳಿನಷ್ಟು, ಅದೂ ಪಕ್ಕಕ್ಕೆ ತಿರುಗಿದ್ದು.

"ಕಂಪ್ಯೂಟರ್‌ನಲ್ಲಿ ದೊಡ್ಡದು ಮಾಡಿಸಿದೆ ಆಂಟಿ. ಬರೀ ಚೌಕ ಚೌಕ ಬರುತ್ತೆ."

ನಾನು ಎದುರು ಕೂರದವರನ್ನು ಬರೆಯುವುದಿಲ್ಲ ಎಂದು ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಜೊತೆಗೆ ಬಂದಿದ್ದ ಅವಳ ಎಂಟು ವರ್ಷದ ಮಗಳು ನಾನು ಕೊಟ್ಟ ತಿಂಡಿಯ ತಟ್ಟೆಯನ್ನು ದೂರ ತಳ್ಳಿ, "ಐ ಆಮ್ ಫುಲ್, ಅಮ್ಮ," ಎಂದಳು. ಸುಧಾ ಮಾತಾಡದೆ ಗಲ್ಲವನ್ನು ಸ್ವಲ್ಪ ಎತ್ತಿ ಮಗಳನ್ನು ನೋಡಿದಳು. ನಾನು ಫೋಟೋ ನೋಡಿದೆ. ಮೂರನೆಯ ಸಾಲಿನ ಹೆಂಗಸು ಪಕ್ಕದ ಯಾರನ್ನೋ ಹಾಗೆಯೇ ನೋಡುತ್ತಿದ್ದಳು.

"ನಿಮ್ಮಮ್ಮನ ಹೋಲಿಕೆ ಯಾರಿಗೆ ಬಂದದ?"

"ಎಲ್ಲರೂ ನಂಗೇ ಅಂತಾರೆ ಆಂಟಿ. ಹಣೆ ಮಾತ್ರ ನಮ್ಮಪ್ಪಂದು. ಅಮ್ಮನ ಹಣೆ ಇವಳಿಗೆ ಬಂದಿದೆ."

ಇಬ್ಬರನ್ನೂ ಕೂರಿಸಿದೆ. ಮಗಳ ಹಣೆ, ಸುಧಾಳ ಕೆನ್ನೆ, ಗಲ್ಲ, ನೋಟ. ವಯಸ್ಸಿನ ಗೆರೆಗಳಿಗೆ ಸುಧಾಳನ್ನೇ ಕೇಳುತ್ತ ಹೋದೆ. ಅಮ್ಮ ಇಷ್ಟು ನೆಟ್ಟಗೆ ಕೂರುತ್ತಿರಲಿಲ್ಲ, ಕನ್ನಡಕ ಸ್ವಲ್ಪ ಜಾರಿರುತ್ತಿತ್ತು ಎಂದು ಅವಳು ಹೇಳಿದಂತೆಲ್ಲ ಬದಲಿಸಿದೆ. ಎಂಟರ ಬದಲು ಹನ್ನೊಂದು ಬಾರಿ ಕೂತರು. ಮುಗಿದ ದಿನ ಸುಧಾ ಚಿತ್ರದ ಮುಂದೆ ನೆಲದ ಮೇಲೇ ಕೂತುಬಿಟ್ಟಳು. "ಬೈಯೋಕೆ ಮುಂಚೆ ಅಮ್ಮ ಹೀಗೇ ನೋಡ್ತಿದ್ರು ಆಂಟಿ," ಎಂದಳು.

ಒಪ್ಪಿಸುವ ಮುಂಚೆ ಅದನ್ನು ಮೇಡಂ ಮನೆಗೆ ಒಯ್ದು ತೋರಿಸಿದೆ. ಆಗ ಅವರು ಹೊರಗೆ ಹೋಗುತ್ತಿರಲಿಲ್ಲ. ಪ್ರತಿ ಗುರುವಾರ ನಾನೇ ಹೋಗುತ್ತಿದ್ದೆ. ಬಹಳ ಹೊತ್ತು ನೋಡಿದರು.

"ಒಳ್ಳೆಯ ಕೆಲಸ. ಆದರೆ ಇದು ಭಾವಚಿತ್ರ ಅಲ್ಲ, ಊಹೆ."

"ನಮ್ಮ ಜನಕ್ಕೆ ಮುಖ ಬೇಕಾಗೋದು ಮನುಷ್ಯ ಹೋದ ಮೇಲೆ, ಮೇಡಂ. ಇದ್ದಾಗ ಬರೆಸೋ ಅಭ್ಯಾಸ ಇಲ್ಲ. ಹಾಗಂತ ವಾಪಸ್ ಕಳಿಸಲಾ?"

ಗುರುವಿಗೆ ಎದುರು ಮಾತಾಡಿದೆ ಎಂದು ನನಗೆ ಬೇಸರವಾಗಲಿಲ್ಲ. ನನ್ನ ಕೆಲಸ ನನಗೆ ಗೊತ್ತಿತ್ತು.

ಎರಡು ತಿಂಗಳ ನಂತರ ಫೋನ್ ಬಂತು. "ಗಿರಿಯಾ, ಈ ಗುರುವಾರ ಕ್ಯಾನ್ವಾಸ್ ತಗೊಂಡು ಬಾ. ನನ್ನ ತಾಯಿಯನ್ನ ಬರೀಬೇಕು."

ಅಷ್ಟು ವರ್ಷಗಳಲ್ಲಿ ಅವರು ತಾಯಿಯ ವಿಷಯ ಎತ್ತಿರಲಿಲ್ಲ. ಆ ಗುರುವಾರ ಹೇಳಿದರು. ತಾಯಿ ಕೈಗವಸು ಹೊಲಿಯುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ದೇಶ ಬಿಡುವಾಗ ಮಗಳು, ಎರಡು ವಾರ ವಿಯೆನ್ನಾ ನೋಡಿ ಬರುತ್ತೇವೆ ಎಂದು ಸುಳ್ಳು ಹೇಳಿದ್ದರು. ನಿಜ ಹೇಳಿದರೆ ಪೊಲೀಸರು ತಾಯಿಯನ್ನು ಹಿಡಿಯುತ್ತಾರೆಂಬ ಭಯ. ತಿರುಗಿ ಹೋದರೆ ಜೈಲು. ಆರು ವರ್ಷಕ್ಕೆ ತಾಯಿ ತೀರಿಕೊಂಡರು. ತನಿಖೆಗೆ ಹೆದರಿ ಅಣ್ಣ ಮನೆಯಲ್ಲಿದ್ದ ಕಾಗದ, ಫೋಟೋ ಎಲ್ಲವನ್ನೂ ಒಲೆಗೆ ಹಾಕಿದ್ದ. ಸರ್ಕಾರ ಬದಲಾದ ಮೇಲೆ ಮೇಡಂ ಹೋಗಿ ಹುಡುಕಿದರು, ಒಂದೂ ಸಿಗಲಿಲ್ಲ.

"ನೀವು ಆಗಲೇ ಒಂದಾದರೂ ಬರೆದಿರಲಿಲ್ಲವಾ ಮೇಡಂ?"

"ಕೂರು ಅಂದರೆ, ಕೂತರೆ ಕೆಲಸ ಯಾರು ಮಾಡ್ತಾರೆ ಅನ್ನೋಳು. ನಾಳೆ ಬರೆದರಾಯಿತು ಅಂತ ನಾನೂ ಬಿಟ್ಟೆ." ತಮ್ಮ ಕೈ ನೋಡಿಕೊಂಡರು. "ಎಲ್ಲರೂ ನನಗೆ ಅವಳದೇ ಮುಖ ಅಂತಿದ್ದರು. ಈಗ ನನಗೆ ಅವಳಿಗಿಂತ ಹೆಚ್ಚು ವಯಸ್ಸು. ನಾನು ಕೂರ್ತೀನಿ."

ಮಾತ್ರೆ ನುಂಗಿದ ಮುಕ್ಕಾಲು ಗಂಟೆಗೆ ಅವರ ನಡುಕ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ಆ ಹೊತ್ತಿನಲ್ಲಿ ಬರೆಯತೊಡಗಿದೆ. ಕಷ್ಟ ಬೇರೆಡೆಯಿತ್ತು. ಆ ಕಾಯಿಲೆ ಮುಖದ ಚಲನೆಯನ್ನೂ ಕಿತ್ತುಕೊಳ್ಳುತ್ತದೆ. ಮೂರು ಗುರುವಾರ ಬರೆದರೂ ಕ್ಯಾನ್ವಾಸಿನ ಮೇಲೆ ಸಿಕ್ಕಿದ್ದು ಮರದ ಮುಖ. ಮೇಡಂ ಕೂಡ ನೋಡಿ ತಲೆ ಅಲ್ಲಾಡಿಸಿದರು. ನಾಲ್ಕನೆಯ ವಾರ ಬ್ರಷ್ ಕೆಳಗಿಟ್ಟು ಕೇಳಿದೆ.

"ಮೇಡಂ, ಚಿಕ್ಕವರಿದ್ದಾಗ ತಪ್ಪು ಮಾಡಿದರೆ ನಿಮ್ಮ ತಾಯಿ ಹೇಗೆ ಬೈಯುತ್ತಿದ್ದರು? ಅದೇ ಮಾತಿನಲ್ಲಿ, ಜೆಕ್‌ನಲ್ಲೇ ನನ್ನನ್ನ ಬೈಯಿರಿ."

"ನಿನಗೆ ಅರ್ಥ ಆಗಲ್ಲ."

"ಆಗಬೇಕಾಗಿಲ್ಲ."

ಮೊದಲು ಒಂದೆರಡು ಶಬ್ದ ತಡೆತಡೆದು ಬಂದವು. ಆಮೇಲೆ ಮಾತಿಗೆ ವೇಗ ಬಂತು. ಬೂಟು ಒರೆಸದೆ ಒಳಗೆ ಬಂದದ್ದಕ್ಕೋ, ಹಾಲು ಉಕ್ಕಿಸಿದ್ದಕ್ಕೋ, ನನಗೇನು ಗೊತ್ತು. ಹುಬ್ಬು ಮೇಲೆದ್ದಿತು. ಮೂಗಿನ ಪಕ್ಕದಲ್ಲಿ ನಾನು ಎಂದೂ ಕಾಣದ ಗೆರೆಯೊಂದು ಮೂಡಿತು. ನನಗೆ ಗುರುತು ಸಿಕ್ಕಿದ್ದು ನಡುವೆ ಬರುತ್ತಿದ್ದ ಗಿರಿಯಾ ಎಂಬ ಹೆಸರು ಮಾತ್ರ. ಅರ್ಧ ಗಂಟೆ ಬೈಸಿಕೊಂಡು ಬರೆದೆ. ನನ್ನ ವೃತ್ತಿಯಲ್ಲೇ ಅಷ್ಟು ಚುರುಕಾಗಿ ಕೈ ಓಡಿದ್ದು ಇನ್ನೊಂದು ದಿನ ಇಲ್ಲ. ಮುಂದಿನ ಐದು ವಾರವೂ ಹಾಗೆಯೇ ನಡೆಯಿತು.

ಮುಗಿಯಿತು ಎನಿಸಿದ ದಿನ ಈಸೆಲನ್ನು ಅವರ ಕುರ್ಚಿಯ ಎದುರಿಗೆ ತಿರುಗಿಸಿದೆ. ಅವರು ನೋಡುತ್ತ ಕೂತರು. ನಾನು ಬ್ರಷ್ ಒರೆಸುತ್ತ ಕಾದೆ.

"ಕಿವಿ ತಪ್ಪು," ಎಂದರು. "ಈ ಕಿವಿ ನಂದು, ಅಪ್ಪನ ಕಡೆಯದು. ಅವಳ ಕಿವಿಯ ಹಾಲೆ ಕೆನ್ನೆಗೆ ಅಂಟಿಕೊಂಡಿತ್ತು. ಇಷ್ಟು ದಿನ ನನಗೂ ನೆನಪಿರಲಿಲ್ಲ. ಈಗ ನೋಡಿದ ಮೇಲೆ ನೆನಪಾಯಿತು."

ಕಿವಿಯ ಬಣ್ಣ ಒರೆಸಿದೆ. ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಇನ್ನೂ ಸ್ವಲ್ಪ ಚಿಕ್ಕದು, ಇನ್ನೂ ಹಿಂದಕ್ಕೆ. ಹತ್ತು ನಿಮಿಷಕ್ಕೆ ಅವರ ಮಾತು ನಿಂತಿತು. ನಾನು ಪಕ್ಕಕ್ಕೆ ಸರಿದೆ.

"ಸರಿ," ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಗಿರಿಯಾ, ಕಾಫಿ ಮಾಡ್ತೀಯಾ?"

ಅಡುಗೆಮನೆಗೆ ಹೋಗಿ ನೀರು ಇಟ್ಟೆ. ಹಿಂದೆ ಅವರ ದನಿ ಕೇಳಿಸಿತು. ಜೆಕ್ ಭಾಷೆಯೇ, ಆದರೆ ಬೈಗುಳದ ದನಿಯಲ್ಲ. ತಗ್ಗಿಸಿದ ದನಿಯಲ್ಲಿ, ನಡುನಡುವೆ ನಿಲ್ಲಿಸಿ, ದೂರದ ಊರಿನಿಂದ ಬಂದ ಮಗಳು ಇಷ್ಟು ದಿನ ಎಲ್ಲಿದ್ದೆ, ಏನು ಮಾಡಿದೆ ಎಂದು ಹೇಳುವ ಹಾಗೆ ಹೇಳುತ್ತಿದ್ದರು. ವಿಯೆನ್ನಾ ಎಂಬ ಮಾತು ಎರಡು ಸಲ ಬಂತು. ನೀರು ಕುದಿಯಿತು. ನಾನು ಒಲೆ ಆರಿಸಿ, ಅವರ ಮಾತು ಮುಗಿಯುವವರೆಗೂ ಅಲ್ಲೇ ನಿಂತಿದ್ದೆ.